ಪರೀಕ್ಷಾ ನಿಯಮಾವಳಿಯೂ ತಂಗಿಯ ಮದುವೆಯೂ

ಸ್ವಂತ ತಂಗಿಯ ಮದುವೆಗೇ ನಾನು ಹೋಗಲಿಲ್ಲ ಎಂದು ಅಜ್ಜಾವರದ ನಮ್ಮ ಕುಟುಂಬದವರು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು. ನಾನು ಹೋಗಿದ್ದೇನೆ. ಮದುವೆ ಮುಗಿದ ಮೇಲೆ ಹೋಗಿದ್ದೇನೆ, ಅಷ್ಟೇ. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿದುಕೊಂಡು ಊರಿಡೀ ಆಡಿಕೊಳ್ಳುವವರಿಗೆ ಏನು ಹೇಳುವುದು? ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ತಪ್ಪು ಯಾರದೆಂದು ನೀವೇ ತೀರ್ಮಾನಿಸಿ. ನನ್ನದಲ್ಲ ಎಂದು ನನಗೆ ಮೊದಲೇ ಗೊತ್ತು.

ಅರುವತ್ತರ ದಶಕದ ನಡುವಿನ ಮಾತು. ಪುತ್ತೂರಿನ ಒಂದು ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರದ ಅಧ್ಯಾಪಕ. ನಮ್ಮಲ್ಲಿ ಪರೀಕ್ಷೆಗಳಿಗೆ ಆಗ ಹೇಳುವವರು ಕೇಳುವವರು ಇರಲಿಲ್ಲ. ಚರಿತ್ರೆಯ ಗೌರೀಶಂಕರನಂತೂ ಹಿಂದಿನ ರಾತ್ರಿ ಯಕ್ಷಗಾನದ ಆಟ ನೋಡಿದ್ದರೆ ಮರುದಿನದ ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಿದ್ದ. ಪರೀಕ್ಷೆ ನಡೆಸಿದ ದಿನ, ಹುಡುಗರನ್ನು ದೇವರ ಮೇಲೆ ಬಿಟ್ಟು ಬನ್ಸ್ ತಿನ್ನಲು ಹೋಟೆಲಿಗೆ ಹೋಗುತ್ತಿದ್ದ. ಅಂಕಗಳನ್ನು ಅಕ್ಷರ ನೋಡಿ ಕೊಡುತ್ತಿದ್ದ. ಕೊನೆಗೆ ವಿಶ್ವವಿದ್ಯಾನಿಲಯದಿಂದಲೇ ಸುತ್ತೋಲೆ ಬಂತು: ಕಾಲೇಜಿನ ಪರೀಕ್ಷೆಗಳಿಗೆ ಅಧ್ಯಾಪಕರು ಪಾಲಿಸಬೇಕಾದ ನಿಯಮಗಳನ್ನು ಬರೆದಿಡಿ. ಪ್ರಿನ್ಸಿಪಾಲರು ನನ್ನನ್ನು ಕರೆದು, “ಇದಕ್ಕೆ ನೀವೇ ಜನ” ಎಂದರು. ಆ ಮಾತಿನಲ್ಲಿ ಅತಿಶಯೋಕ್ತಿಯೇನೂ ಇರಲಿಲ್ಲ.

ಬರೆದೆ ನೋಡಿ! ಒಂದೊಂದು ನಿಯಮವೂ ಗೌರೀಶಂಕರನ ಒಂದೊಂದು ಬಾಗಿಲಿಗೆ ಬೀಗ. ಘೋಷಿಸಿದ ತಾರೀಕನ್ನು ಬದಲಿಸಕೂಡದು; ಬದಲಿಸಲೇಬೇಕಾದರೆ ತರಗತಿಯ ಪ್ರತಿಯೊಬ್ಬರೂ ಹೆಸರಿಲ್ಲದ ಚೀಟಿಯಲ್ಲಿ ಒಪ್ಪಿಗೆ ಕೊಡಬೇಕು, ಒಬ್ಬರು ಬೇಡವೆಂದರೂ ಬೇಡ. ಪ್ರಶ್ನೆಪತ್ರಿಕೆ ಬರೆದ ಅಧ್ಯಾಪಕನು ಕೊನೆಯ ಉತ್ತರಪತ್ರಿಕೆ ಕೈಗೆ ಬರುವವರೆಗೆ ಹಾಲ್ ಬಿಟ್ಟು ಕದಲಕೂಡದು, ಬದಲಿ ಜನ ಇಡಕೂಡದು. ಸಂಬಂಧಿಕರ ಉತ್ತರಪತ್ರಿಕೆಯನ್ನು ತಾನು ತಿದ್ದಕೂಡದು. ವಿದ್ಯಾರ್ಥಿಗಳಿಗೂ ಸ್ವಲ್ಪ ಕರುಣೆ ತೋರಿಸಿದೆ: ಒಂದು ಗಂಟೆ ಕಳೆದ ಮೇಲೆ ಬರೆದದ್ದನ್ನು ಕೊಟ್ಟು ಹೊರಡಬಹುದು. ಮೂವತ್ತೈದು ಬಂದರೆ ತೇರ್ಗಡೆ. ಪ್ರಿನ್ಸಿಪಾಲರು ಓದಿ ತಲೆದೂಗಿ ಸಹಿ ಹಾಕಿದರು. ಗೌರೀಶಂಕರ ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ಸಂಬಂಧಿಕರ ನಿಯಮ ಬರೆದದ್ದು ಸುಮ್ಮನೆ ಅಲ್ಲ. ನನ್ನ ಧರ್ಮಪತ್ನಿ ಪ್ರೇಮಾವತಿ ನನ್ನದೇ ತರಗತಿಯಲ್ಲಿ ಅಂತಿಮ ಬಿ.ಎ. ಓದುತ್ತಿದ್ದಳು. (ಸುಳ್ಯದ ಒಂದು ಸಭೆಯಲ್ಲಿ ಸ್ತ್ರೀಶಿಕ್ಷಣದ ಮೇಲೆ ನಾನು ಭಾಷಣ ಬಿಗಿದಾಗ, ಮುಂದಿನ ಸಾಲಿನಲ್ಲಿದ್ದ ನನ್ನ ಮಾವ ಎದ್ದು ನಿಂತು, “ಹಾಗಾದರೆ ನಮ್ಮ ಮಗಳನ್ನು ಯಾವಾಗ ಕಾಲೇಜಿಗೆ ಸೇರಿಸುದು ಅಳಿಯಂದಿರೇ?” ಎಂದು ಕೇಳಿಬಿಟ್ಟರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಆಮೇಲೆ ಹಿಂದೆ ಸರಿಯುವುದುಂಟೇ?)

ಫೆಬ್ರವರಿಯ ಒಂದು ಗುರುವಾರಕ್ಕೆ ಪರೀಕ್ಷೆ ಘೋಷಿಸಿದೆ. ಎರಡು ದಿನ ಕಳೆಯುವುದರೊಳಗೆ ಅಜ್ಜಾವರದಿಂದ ಕುಕ್ಕಪ್ಪ ದೊಡ್ಡಪ್ಪ ಕೊಡೆ ಬೀಸಿಕೊಂಡು ಬಂದರು. (ನಮ್ಮ ಮನೆಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡ ಮಾಡಿದ್ದೇನೆ. ಬೈಗುಳ ಮಾತ್ರ ಇದರಿಂದ ಬಹಳ ಸಪ್ಪೆಯಾಗಿದೆ.)

“ತಂಗಿಗೆ ದಿನ ನಿಶ್ಚಯ ಆಯ್ತು ಮಾರಾಯ. ಗುರುವಾರ ಮಧ್ಯಾಹ್ನ, ನಮ್ಮ ಮನೆಯಲ್ಲೇ.”

“ಯಾವ ಗುರುವಾರ?”

ಅದೇ ಗುರುವಾರ!

“ಬೇರೆ ದಿನ ಇಲ್ಲವಾ ದೊಡ್ಡಪ್ಪ?”

“ಎಲ್ಲಿ ಉಂಟು? ಮುಂದೆ ಮೀನ ತಿಂಗಳು, ಮದುವೆ ಮಾಡ್ಲಿಕ್ಕಿಲ್ಲ. ನಿನ್ನ ಅಪ್ಪ ಇದ್ದಿದ್ದರೆ ನೀನು ಹೇಗೆ ಬಂದರೂ ನಡೀತಿತ್ತು. ಈಗ ಮದುಮಗನ ಕಾಲು ತೊಳೆದು ಒಳಗೆ ಕರಕೊಳ್ಳಲಿಕ್ಕೆ ಹುಡುಗಿಯ ಅಣ್ಣ ನೀನು ಒಬ್ಬನೇ ಇರುದು. ನೀನಿಲ್ಲದಿದ್ದರೆ ನಿನ್ನ ಅಮ್ಮ ಚಪ್ಪರದಲ್ಲೇ ಅತ್ತಾಳು.”

ಅಪ್ಪ ಹೋದ ಮೇಲೆ ಆ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವನು ನಾನು. ಅವಳ ಗಂಡನ ಕಾಲಿಗೆ ಬೇರೊಬ್ಬ ನೀರೆರೆಯುವುದೆಂದರೆ ಏನು ಮಾತು? ಆದರೂ ಹೆದರಲಿಲ್ಲ. ಕೋಟೆ ಕಟ್ಟಿದವನಿಗೆ ಅದರ ದಿಡ್ಡಿ ಬಾಗಿಲು ಗೊತ್ತಿರುವುದಿಲ್ಲವೇ? ಪರೀಕ್ಷೆ ಮುಂದೆ ಹೋಗಲಿ ಎಂದರೆ ಬೇಡ ಎನ್ನುವ ವಿದ್ಯಾರ್ಥಿ ಪುತ್ತೂರಿನಲ್ಲೇ ಏಕೆ, ಮೂರು ಲೋಕದಲ್ಲೂ ಹುಟ್ಟಿಲ್ಲ. “ನೀವು ನಿಶ್ಚಿಂತೆಯಿಂದ ಹೋಗಿ ದೊಡ್ಡಪ್ಪ” ಎಂದು ಬಸ್ಸು ಹತ್ತಿಸಿದೆ.

ಮರುದಿನ ತರಗತಿಯಲ್ಲಿ ನನ್ನ ಸಂಕಟ ತೋಡಿಕೊಂಡು, ಪರೀಕ್ಷೆಯನ್ನು ಮುಂದಿನ ವಾರಕ್ಕೆ ಹಾಕುವೆನೆಂದು ಹೇಳಿ, ಯಾರ ಮುಲಾಜಿಗೂ ಬೀಳದೆ ಬರೆಯಿರಿ ಎಂದು ಹೊರಗೆ ಹೋಗಿ ನಿಂತೆ. ತರಗತಿಯ ಮುಖಂಡ ರವೂಫ್ ಚೀಟಿಗಳನ್ನು ಕೂಡಿಸಿ ಪ್ರಿನ್ಸಿಪಾಲರ ಮೇಜಿನ ಮೇಲೆ ಸುರಿದ. ಅವರು ಒಂದೊಂದಾಗಿ ಬಿಡಿಸಿದರು. ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ. ನಾನು ಮನಸ್ಸಿನಲ್ಲೇ ಮದುಮಗನ ಒಂದು ಕಾಲು ತೊಳೆದಾಗಿತ್ತು. ಆಗ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ “ಒಪ್ಪಿಗೆ ಇಲ್ಲ” ಎಂದಿತ್ತು.

“ಇನ್ನು ಮಾಡುವುದೇನಿಲ್ಲ. ಬಹಳ ಒಳ್ಳೆಯ ನಿಯಮ” ಎಂದರು ಪ್ರಿನ್ಸಿಪಾಲರು.

ಯಾರು ಆ ದ್ರೋಹಿ? ಮೊದಲ ಸಂಶಯ ಕೃಷ್ಣಮೋಹನನ ಮೇಲೆ. ಹಿಂದಿನ ಸಲ ಅವನಿಗೆ ಒಂಬತ್ತು ಅಂಕ ಕೊಟ್ಟಿದ್ದೆ. ಕರೆದು ಗದರಿಸಿದೆ.

“ನಾನಾ ಸಾರ್? ಪರೀಕ್ಷೆ ಮುಂದೆ ಹೋಗುದಕ್ಕೆ ನಾನು ಬೇಡ ಹೇಳುದಾ? ಪರೀಕ್ಷೆಯೇ ಬೇಡ ಅಂತ ಬರೆಯಬೇಕು ಅಂತ ಇದ್ದವ ನಾನು!”

ಅವನ ಕಣ್ಣಿನಲ್ಲಿ ನೀರಿತ್ತು. ಅಷ್ಟು ಪ್ರಾಮಾಣಿಕ ದಡ್ಡನನ್ನು ನಾನು ಕಂಡಿಲ್ಲ. ಬಿಟ್ಟುಬಿಟ್ಟೆ.

ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಆ ದ್ರೋಹಿಯ ಏಳು ತಲೆಮಾರನ್ನು ಬೈಯತೊಡಗಿದೆ. ಪ್ರೇಮಾವತಿ ಬಸಳೆ ಹೆಚ್ಚುತ್ತಿದ್ದಳು. ನಾಲ್ಕನೆಯ ತಲೆಮಾರಿಗೆ ಬರುವಾಗ ತಲೆ ಎತ್ತದೆ ಹೇಳಿದಳು:

“ನಮ್ಮ ಅಜ್ಜನವರೆಗೆ ಬೈದದ್ದು ಸಾಕು. ಆ ಚೀಟಿ ನಂದು.”

ಹೊಸ್ತಿಲಿನಿಂದ ಎದ್ದುಬಿಟ್ಟೆ. “ನೀ... ನೀನಾ? ನಾನು ಕೂತು ಕಲಿಸಿದ ನೀನಾ?”

“ನೀವೇ ಹೇಳಿದ್ದಲ್ಲವಾ, ಯಾರ ಮುಲಾಜಿಗೂ ಬೀಳದೆ ಬರೆಯಿರಿ ಅಂತ?”

“ಅದು ಬೇರೆಯವರಿಗೆ ಮಾರಾಯ್ತಿ! ನನ್ನ ತಂಗಿಯ ಮದುವೆ!”

“ನನಗೂ ನಾದಿನಿಯೇ. ಆದರೆ ನೀವು ಮುಂದೆ ಹಾಕಿದರೆ ಎಂತ ಆಗ್ತದೆ, ಕೇಳಿ. ಆ ಹುಡುಗರು ಒಂದು ವಾರ ಹೆಚ್ಚು ಓದ್ತಾರೆ. ಆ ವಾರ ಪೂರ್ತಿ ನಾನು ಅಜ್ಜಾವರದಲ್ಲಿ ಕಾಯಿ ಹೆರೆಯುದು, ಮಸಾಲೆ ಕಡೆಯುದು. ಬಂದ ಕೂಡಲೇ ನೀವು ಪ್ರಶ್ನೆಪತ್ರಿಕೆ ಕೊಡ್ತೀರಿ. ಇದು ಯಾವ ನ್ಯಾಯ?”

“ಪರೀಕ್ಷೆಗೆ ಓದುವವರನ್ನು ಅಮ್ಮ ಅಡುಗೆಗೆ ಕರೆಯುವುದಿಲ್ಲ. ನಾನು ಹೇಳುತ್ತೇನೆ.”

“ದೊಡ್ಡ ಸೊಸೆ ಚಾವಡಿಯಲ್ಲಿ ಕೂತು ಪುಸ್ತಕ ಹಿಡಿದರೆ ನಿಮ್ಮ ದೊಡ್ಡಪ್ಪ ಸುಮ್ಮನೆ ಇರ್ತಾರಾ? ಪರೀಕ್ಷೆ ಅದೇ ದಿವಸ ಉಂಟು ಅಂದರೆ ಮಾತ್ರ ಬಾಯಿ ಮುಚ್ಚುದು.”

ವಾದದಲ್ಲಿ ಹುರುಳಿತ್ತು. ಇಂಥ ವಿದ್ಯಾರ್ಥಿನಿಯನ್ನು ತಯಾರು ಮಾಡಿದ್ದಕ್ಕೆ ಒಳಗೊಳಗೆ ಹೆಮ್ಮೆಯೂ ಆಯಿತು. ಹೆಮ್ಮೆಯಾದರೇನು, ಮದುವೆಗೆ ಹೋಗಲಾಗುತ್ತದೆಯೇ? ಕೊನೆಯ ಉಪಾಯವೆಂದು ಗೌರೀಶಂಕರನ ಬಳಿ ಹೋದೆ, ನನ್ನ ಬದಲು ಪರೀಕ್ಷಾ ಹಾಲಿನಲ್ಲಿ ಕೂರುತ್ತೀಯಾ ಎಂದು. ಅವನು ನನ್ನ ನಿಯಮವನ್ನು ಕಂಠಪಾಠ ಮಾಡಿಟ್ಟಿದ್ದ. ಅಲ್ಪವಿರಾಮ ಸಹಿತ ಒಪ್ಪಿಸಿದ.

ಗುರುವಾರ ಒಂಬತ್ತೂವರೆಗೆ ಪರೀಕ್ಷೆ ಶುರುವಾಯಿತು. ಪ್ರೇಮಾವತಿ ಮೂಲೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಬರೆಯುತ್ತಿದ್ದಳು. ಪಾಪ, ಇಬ್ಬರಿಗೂ ಮದುವೆ ತಪ್ಪಿತಲ್ಲ ಎಂದು ನನಗೆ ಅವಳ ಮೇಲೆ ಮರುಕವೇ ಬಂತು. ಒಂದು ಗಂಟೆಯ ಬೆಲ್ಲು ಹೊಡೆಯಿತು. ಅವಳು ಎದ್ದು ಬಂದು ಉತ್ತರಪತ್ರಿಕೆಯನ್ನು ನನ್ನ ಮುಂದಿಟ್ಟಳು.

“ಇಷ್ಟು ಬೇಗ? ಇನ್ನೂ ಎರಡು ಗಂಟೆ ಉಂಟು!” ಪಿಸುಗುಟ್ಟಿದೆ.

“ಪಾಸಾಗಲಿಕ್ಕೆ ಬೇಕಾದಷ್ಟು ಬರೆದಾಯ್ತು ಸಾರ್” ಎಂದು ಬಹಳ ವಿನಯದಿಂದ ಹೇಳಿ ಹೊರಟೇಹೋದಳು. (ಗೌರೀಶಂಕರ ತಿದ್ದಿದ. ಮೂವತ್ತೆಂಟು.)

ಕಿಟಕಿಯಿಂದ ನೋಡುತ್ತೇನೆ, ಗೇಟಿನ ಹೊರಗೆ ಪೇಟೆಯ ಪೋಕರನ ಬಾಡಿಗೆ ಕಾರು! ಹಿಂದಿನ ಸೀಟಿನಲ್ಲಿ ಧಾರೆಗೆ ಉಡುವ ರೇಷ್ಮೆ ಸೀರೆಯ ಗಂಟು, ಮಲ್ಲಿಗೆಯ ಚೆಂಡು. ಎಲ್ಲವೂ ಮೊದಲೇ ತಯಾರು. ನಾನು ಎದ್ದು ನಿಂತೆ. ನಿಂತವನು ನಿಂತಲ್ಲೇ ಉಳಿದೆ. ಬಾಗಿಲ ಹೊರಗೆ ಗೌರೀಶಂಕರ ಗೋಡೆಗೊರಗಿ, ನಾನು ಯಾವಾಗ ಕದಲುತ್ತೇನೆಂದು ಕಾಯುತ್ತಿದ್ದ. ಕಾರು ಹೊಗೆಯುಗುಳಿ ಸುಳ್ಯದ ಕಡೆಗೆ ಓಡಿತು.

ಇನ್ನು ಉಳಿದವರೆಲ್ಲ ಬೇಗ ಮುಗಿಸಿ ಹೋದರೆ ನನಗೂ ಆಸೆಯಿತ್ತು. ನನ್ನ ಸಂಕಟ ಬಲ್ಲ ಹುಡುಗರು ಒಬ್ಬೊಬ್ಬರಾಗಿ ಕೊಟ್ಟು ಹೋದರು ಕೂಡ. ಕೊನೆಗೆ ಉಳಿದವನು ಕೃಷ್ಣಮೋಹನ. ಜನ್ಮದಲ್ಲಿ ಒಂದು ಪುಟ ತುಂಬಿಸದವನು ಅವತ್ತು ಎರಡು ಸಲ ಹೆಚ್ಚಿನ ಹಾಳೆ ಕೇಳಿದ.

“ಬೈಸಿಕೊಂಡ ಮೇಲೆ ಛಲ ಬಂತು ಸಾರ್. ಇಡೀ ಪುಸ್ತಕ ಬಾಯಿಪಾಠ ಮಾಡಿದ್ದೇನೆ” ಎಂದ. ಅಧ್ಯಾಪಕನಾಗಿ ಅದಕ್ಕೆ ಸಂತೋಷಪಡಬೇಕಿತ್ತು. ಅವನ ಕೈಯನ್ನು ಮುರಿಯಬೇಕೆನಿಸಿತು.

ಬಸ್ಸು ಹಿಡಿದು, ಸುಳ್ಯದಿಂದ ನಡೆದು, ನಾನು ಚಪ್ಪರ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ದೊಡ್ಡಪ್ಪನ ಮಗ ಶ್ಯಾಮ ಮದುಮಗನ ಕಾಲು ತೊಳೆದು, ಅದಕ್ಕೆ ಮರ್ಯಾದೆಯಾಗಿ ಮದುಮಗ ತೊಡಿಸಿದ ಉಂಗುರವನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದ. ತಂಗಿ ನನ್ನನ್ನು ಕಂಡು ಮುಖ ತಿರುಗಿಸಿದಳು. ಆಮೇಲೆ ತಾಳಲಾರದೆ ಬಂದು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ?

“ಪರೀಕ್ಷೆ ಬರೆದ ಸೊಸೆಯೇ ಓಡೋಡಿ ಬಂದಳು. ಕೂತು ನೋಡುವವನಿಗೆ ಬರಲಿಕ್ಕೆ ಆಗಲಿಲ್ಲ!” ಎಂದು ದೊಡ್ಡಪ್ಪ ನೆಂಟರೆದುರೇ ಹಾಡಿದರು.

ಸೊಸೆ ಎಲ್ಲಿ? ಒಳ ಜಗಲಿಯ ಚಾಪೆಯಲ್ಲಿ ಕಾಲು ಚಾಚಿ ಕೂತು ವೀಳ್ಯ ಹಾಕಿಕೊಳ್ಳುತ್ತಿದ್ದಳು. ಮುಖದಲ್ಲಿ ಎಂಥ ಕಳೆ! ಸುತ್ತ ನಮ್ಮ ಕುಟುಂಬದ ಸೊಸೆಯಂದಿರು, ಹೆರೆದು ಕಡೆದು ಬಡಿಸಿ ಸೋತವರು, ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

“ಮದುವೆಯಾಗಿ ಇಷ್ಟು ವರ್ಷಕ್ಕೆ ಇವತ್ತು ನಾನು ಮೊದಲನೇ ಪಂಕ್ತಿಯಲ್ಲಿ ಕೂತು ಉಂಡದ್ದು” ಎನ್ನುತ್ತಿದ್ದಳು ಪ್ರೇಮಾವತಿ. “ಪಾಯಸ ಬಿಸಿ ಇರ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.”

ಆಗ ಅರ್ಥವಾಯಿತು ನನಗೆ, ಆ ಚೀಟಿಯ ಅರ್ಥಶಾಸ್ತ್ರ. ಜಗಳಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಅಡುಗೆ ಕೊಟ್ಟಿಗೆಯಿಂದ ಹೊರಬಂದಳು. ನನ್ನಮ್ಮ ತಿಮ್ಮಕ್ಕನ ಕೋಪವೆಂದರೆ ಊರಿಗೇ ಗೊತ್ತು. ನಾನು ತಲೆ ತಗ್ಗಿಸಿ ನಿಂತೆ. ಅಮ್ಮ ಬೈಯಲಿಲ್ಲ. ಹೊಗೆಗೆ ಕೆಂಪಾದ ಕಣ್ಣನ್ನು ಸೆರಗಿನಿಂದ ಒರೆಸಿಕೊಂಡು, ಆಚೀಚೆ ನೋಡಿ, ನನ್ನನ್ನು ಬದಿಗೆ ಕರೆದಳು.

“ಮಗಾ, ಎರಡನೇ ಕ್ಲಾಸಿಗೆ ಬಿಟ್ಟವರಿಗೆ ಎಂತಾದರೂ ಪರೀಕ್ಷೆ ಉಂಟಾ? ಮೇ ತಿಂಗಳಲ್ಲಿ ಗುತ್ತಿಗಾರಿನಲ್ಲಿ ಇನ್ನೊಂದು ಮದುವೆ ಉಂಟು. ಆ ದಿವಸಕ್ಕೆ ನನಗೂ ಒಂದು ಇಟ್ಟುಬಿಡು.”