ಸ್ನೇಹಿತರೊಬ್ಬರ ಕಜ್ಜಿ

ನಿವೃತ್ತನಾದ ದಿನವೇ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದ್ದೆ: ನನ್ನ ಶರೀರದ ದೂರುಗಳನ್ನು ಊರಿನ ಕಿವಿಗೆ ಹಾಕುವುದಿಲ್ಲ! ಮೇಲೂರಿನ ಅರ್ಧ ಊರಿಗೆ "ಉಗುರು ತೋರಿಸ್ರೋ" ಎಂದು ಗದರಿಸಿ ಪಾಠ ಹೇಳಿದವನು ನಾನು. ಅಂಥವನ ಬೆರಳ ಸಂದಿಯಲ್ಲೇ ಕಜ್ಜಿ ಬಂದು ಕೂರುವುದೆಂದರೆ!

ಔಷಧಿ ಅಂಗಡಿಯಲ್ಲಿ ಜನ ತುಂಬಿದ್ದರು. ಅಲ್ಲಿನ ಫಾರ್ಮಸಿಸ್ಟ್ ಪವಿತ್ರ, ನನ್ನ ಹಳೆಯ ವಿದ್ಯಾರ್ಥಿನಿ, "ಏನ್ ಬೇಕು ಮೇಷ್ಟ್ರೇ?" ಎಂದಳು.

"ಕಜ್ಜಿಗೆ ಔಷಧಿ. ನನಗಲ್ಲಮ್ಮ, ಸ್ನೇಹಿತರೊಬ್ಬರಿಗೆ."

"ಮಲಗಿದಾಗ ತುರಿಕೆ ಜಾಸ್ತಿನಾ ಅವ್ರಿಗೆ?"

"ಅಯ್ಯೋ, ಪ್ರಾಣ ಹೋಗುತ್ತೆ!... ಅಂತಾರೆ."

"ಮನೇಲಿ ರೇಷ್ಮೆ ಹುಳು ಮೇಯಿಸ್ತಾರಾ?"

ಇನ್ನೊಂದು ಉತ್ತರ ಕೊಟ್ಟರೆ ಸ್ನೇಹಿತನ ಹೆಸರೇ ಹೊರಬೀಳುತ್ತಿತ್ತು. ಕೆಮ್ಮಿದೆ.

"ಯಾಕಂದ್ರೆ, ಕಜ್ಜಿ ಔಷಧಿ ಹಚ್ಚಿದ ಕೈಲಿ ಸೊಪ್ಪು ಹಾಕಿದ್ರೆ ಹುಳು ಒಂದೂ ಉಳಿಯಲ್ಲ ಮೇಷ್ಟ್ರೇ. ಅದಕ್ಕೇ ಸದ್ಯಕ್ಕೆ ಈ ಲೋಷನ್..."

"ಗೊತ್ತಮ್ಮ, ಗೊತ್ತು!" ಬಾಟಲಿ ಕಸಿದುಕೊಂಡು ಓಡಿಬಂದೆ.

ಬಚ್ಚಲಲ್ಲಿ ಕತ್ತಿನಿಂದ ಕಾಲಿನವರೆಗೆ ಸುಣ್ಣ ಬಳಿದಂತೆ ಬಳಿದುಕೊಂಡು ಹೊರಬಂದರೆ, ಹೆಂಡತಿ ವೆಂಕಟರತ್ನಮ್ಮ ಹುಳುಮನೆಯ ಬಾಗಿಲಲ್ಲಿ ನಿಂತಿದ್ದಳು. ನಿದ್ದೆಗೆಟ್ಟು ಸಾಕಿದ ಹುಳು, ಇನ್ನೇನು ಗೂಡು ಕಟ್ಟಬೇಕು!

"ರೀ, ಈ ಸೊಪ್ಪಿನ ಹೊರೆಗೆ ಒಂದ್ ಕೈ ಹಾಕಿ."

"ಮುಟ್ಟಲ್ಲ ಕಣೇ! ಇವತ್ತು... ವ್ರತ."

"ಸೊಪ್ಪು ಮುಟ್ಟದ ವ್ರತ ಯಾವುದ್ರೀ? ಬೆಳಿಗ್ಗೆ ದಂಟಿನಸೊಪ್ಪಿನ ಹುಳಿ ಕೇಳಿ ಕೇಳಿ ಹಾಕಿಸ್ಕೊಂಡ್ರಲ್ಲ! ಜ್ವರ ಏನಾದ್ರೂ ಬಂತಾ?"

ಕತ್ತು ಮುಟ್ಟಿ ನೋಡಲು ಬಂದಳು. ಅವಳ ಕೈಗೆ ಔಷಧಿ ತಾಗಿದರೆ ಅಷ್ಟೂ ಹುಳುವಿಗೆ ನಾನೇ ಯಮ! ಎರಡೂ ಕೈ ಮೇಲೆತ್ತಿಕೊಂಡು ಬೀದಿಗೆ ಹಾರಿದೆ. ಎದುರುಮನೆಯ ಮುನಿಶಾಮಪ್ಪ, ಅವನೂ ಹುಳು ಮೇಯಿಸುವವನೇ, ಸೊಪ್ಪಿನ ಹೊರೆ ಇಳಿಸಿ ನನ್ನನ್ನು ಹಿಡಿಯಲು ಬಂದ.

"ಏಮೈಂದಿ, ಏನಾಯ್ತು ಮೇಷ್ಟ್ರೇ? ಬನ್ನಿ, ಕೂತ್ಕೊಳ್ಳಿ."

"ಮುಟ್ಟಬೇಡಪ್ಪಾ! ನಿನ್ನ ಹುಳೂನೂ ಸಾಯುತ್ತೆ! ನನಗೆ ಕಜ್ಜಿ! ಮೈಗೆಲ್ಲ ಕಜ್ಜಿ ಔಷಧಿ ಹಚ್ಚಿದೀನಿ!"

ತರಗತಿಯ ಕೊನೆಯ ಬೆಂಚಿಗೂ ಕೇಳುತ್ತಿದ್ದ ಕಂಠ ನನ್ನದು. ನಲ್ಲಿಯ ಬಳಿ ಬಿಂದಿಗೆಗಳು ತುಂಬಿ ಹರಿದವು, ಹೆಂಗಸರು ನನ್ನನ್ನೇ ನೋಡುತ್ತಿದ್ದರು.

ಹೆಂಡತಿ ಹತ್ತಿರ ಬಂದು ಮೂಸಿದಳು. "ಇದಾ? ಇದು ಮಕ್ಕಳ ಬೆವರುಸಾಲೆಗೆ ಹಚ್ಚೋ ತಣ್ಣನೆ ಲೋಷನ್ ಕಣ್ರೀ! ನಿಮ್ಮ ಕಜ್ಜಿ ವಿಷಯ ಹೋದ ವಾರವೇ ಪವಿತ್ರಮ್ಮಂಗೆ ಹೇಳಿದ್ದೆ. 'ಮೇಷ್ಟ್ರು ಬಂದ್ರೆ, ಹುಳು ಗೂಡು ಕಟ್ಟೋವರೆಗೂ ಹಚ್ಕೊಳ್ಳೋಕೆ ಇದನ್ನೇ ಕೊಡ್ತೀನಿ, ಆಮೇಲೆ ಮನೆಯವರೆಲ್ಲ ಒಂದೇ ದಿನ ಕಜ್ಜಿ ಔಷಧಿ ಹಚ್ಕೊಳ್ಳಿ' ಅಂದ್ಲು. ನಿಮಗೆ ನಾಚಿಕೆ ಅಂತ ನಾವಿಬ್ರೂ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

ಕೈ ಇಳಿಸಿ ಮೆಲ್ಲಗೆ ಕೇಳಿದೆ: "ಹಾಗಾದ್ರೆ ಊರಲ್ಲಿ ಇನ್ಯಾರಿಗೂ ಗೊತ್ತಿರಲಿಲ್ವಾ?"

"ಎಲ್ಲಿ ಗೊತ್ತಿತ್ತು? ಈಗ ತಾನೇ ನೀವು ಹೇಳಿದ್ರಿ!"