ವಿಮಾನದ ಬಿಡಿ ಸಾಮಾನು

ಹನ್ನೆರಡು ವರ್ಷ ಒಂದೇ ವಿಮಾನದ ಚಾಕರಿ ಮಾಡಿದೆ. ಮಾಲಕರು ಬದಲಾದರು, ಬಣ್ಣ ಬದಲಾಯಿತು. ನನ್ನ ಫಜೀತಿಗಳು ಮಾತ್ರ ತಪ್ಪಲಿಲ್ಲ.

೧. ಯಾದಿ

ಊರು ಚಿಕ್ಕೇರೂರು; ಸವಣೂರಿನ ಹತ್ತಿ ಕಾರ್ಖಾನೆಯಲ್ಲಿ ಇಂಜಿನ್ನಿಗೆ ಎಣ್ಣೆ ಬಿಡುತ್ತಿದ್ದವನು ನಾನು. ಮುಂಬೈಗೆ ಹೋಗಿ ವಿಮಾನ ಕಂಪನಿಯೊಂದನ್ನು ಸೇರಿದೆ. ಅಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ವಿಮಾನ ಒರೆಸುತ್ತ ಅದರ ಸಂಗಡವೇ ಮಾತಾಡುತ್ತಿದ್ದೆ.

ಮುಂದೆ ಕಂಪನಿ ಅದನ್ನು ಒಬ್ಬ ಸಂಸ್ಥಾನಿಕರಿಗೆ ಮಾರಿತು. ಕಾರಕೂನ ಯಾದಿ ಓದಿದ: ವಿಮಾನ ಒಂದು, ಇಂಜಿನ್ ಎರಡು, ಕುರ್ಚಿ ಎಂಟು.

"ನಾನೂ ಸಂಗಡ ಹೋಗುವವನಲ್ಲವೇ? ನನ್ನ ಹೆಸರೆಲ್ಲಿ?" ಎಂದೆ.

ಆತ ತಲೆ ಕೆರೆದುಕೊಂಡು, ನನ್ನನ್ನು 'ಬಿಡಿ ಸಾಮಾನು' ಎಂಬುದರ ಕೆಳಗೆ ಬರೆದ.

೨. ರವಿವಾರದ ಪ್ರಯಾಣ

ಸಂಸ್ಥಾನಿಕರಿಗೆ ಹಾರುವುದೆಂದರೆ ಎದೆನಡುಕ. ಆದರೂ ಪ್ರತಿ ರವಿವಾರ ಜರತಾರಿ ರುಮಾಲು ಸುತ್ತಿಕೊಂಡು ಬಂದು ಕೂಡುವರು. ವಿಮಾನ ನಿಂತಲ್ಲೇ ಪೈಲಟ್ ಇಂಜಿನ್ ಚಾಲೂ ಮಾಡುವನು. ಅರ್ಧ ತಾಸು ವಿಮಾನ ಗಡಗಡ ನಡುಗಿದ ಮೇಲೆ ನಾನು ಬಾಗಿಲು ತೆಗೆಯಬೇಕು. ಅವರು ಬೆವರೊರೆಸಿಕೊಳ್ಳುತ್ತ ಇಳಿದು ಹೇಳುವರು:

"ಎಲ್ಲಿ ಹೋದರೂ ನಮ್ಮೂರಿನಂಥ ಊರಿಲ್ಲ ನೋಡು. ತಿರುಗಿ ಬಂದು ಮುಟ್ಟಿದೆವಲ್ಲ, ಈಗ ಹಾಯೆನಿಸಿತು!"

೩. ಪತ್ರ

ಯುದ್ಧ ಬಂತು. ವಿಮಾನ ಮಿಲಿಟರಿಗೆ ಹೋಯಿತು, ಅದರ ಹಿಂದೆ ನಾನು. ಊರಿಗೆ ಬರೆದ ಪತ್ರಗಳನ್ನು ಅಲ್ಲಿ ಓದಿ ನೋಡಿಯೇ ಕಳಿಸುತ್ತಿದ್ದರು. ಒಂದು ದಿನ ಸಾಹೇಬರು ನನ್ನನ್ನು ಕರೆಸಿದರು.

"ಇದು ಕನ್ನಡವಂತೆ. ಇಲ್ಲಿ ಕನ್ನಡ ಬರುವವನು ನೀನೊಬ್ಬನೇ. ಗುಟ್ಟಿನ ಮಾತೇನಾದರೂ ಇದೆಯೋ ಓದಿ ಹೇಳು."

ನೋಡಿದರೆ ನಾನೇ ಅವ್ವನಿಗೆ ಬರೆದದ್ದು! "ಅವ್ವಾ, ನಾ ಆರಾಮ ಅದೇನಿ. ಇಲ್ಲಿ ಮಂದಿ ನನ್ನ ಮ್ಯಾಲ ಭಾಳ ಜೀವ ಮಾಡ್ತಾರ. ಕಾಳಜಿ ಮಾಡಬ್ಯಾಡ." ಓದಿ, ಹಿಂದೂಸ್ತಾನಿಯಲ್ಲಿ ಅರ್ಥ ಹೇಳಿದೆ.

"ಗುಟ್ಟೇನೂ ಇಲ್ಲವಲ್ಲ?"

"ಇಲ್ಲ ಸಾಹೇಬರೆ. ಬರೀ ಸುಳ್ಳು."

೪. ಮೂರು ಮಂದಿ

ಯುದ್ಧ ಮುಗಿದ ಮೇಲೆ ಒಬ್ಬ ವ್ಯಾಪಾರಿ ವಿಮಾನ ಕೊಂಡ. ಮೊದಲ ಸಲ ದಕ್ಷಿಣಕ್ಕೆ ಹಾರಿಸಿಕೊಂಡು ಹೊರಟಾಗ ಇಂಜಿನ್ ಕೆಟ್ಟು ಅದು ಇಳಿದದ್ದು ಎಲ್ಲಿ? ನಮ್ಮ ಚಿಕ್ಕೇರೂರಿನ ಹೊಲದಲ್ಲಿ! ನನಗೆ ತಂತಿ ಬಂತು, ರೈಲು ಹತ್ತಿ, ಬಸ್ಸು ಹಿಡಿದು ಬಂದೆ. ಅವ್ವ ತೀರಿ ಎರಡು ವರ್ಷವಾಗಿತ್ತು. ಊರವರು ನನಗೇ "ಯಾವೂರ್‍ರಿ?" ಎಂದು ಕೇಳಿದರು.

ನಾಲ್ಕು ದಿನ ಕೂತು ಇಂಜಿನ್ ಸರಿಮಾಡಿದೆ. ಪೈಲಟ್, "ಇವತ್ತು ನೀನೂ ಹತ್ತು" ಎಂದ. ಅಷ್ಟು ವರ್ಷ ಅದು ಮುಗಿಲಲ್ಲಿ ಹೋದರೆ ನಾನು ಸಾಮಾನಿನ ಪೆಟ್ಟಿಗೆಯೊಂದಿಗೆ ರೈಲಿನಲ್ಲಿ ಹೋದವನು, ಒಮ್ಮೆಯೂ ಹಾರಿದ್ದಿಲ್ಲ. ಟ್ರಂಕು ಒಳಗಿಟ್ಟು, ಕಿಟಕಿಯ ಪಕ್ಕ ಕೂತು, ಕಣ್ಣು ಮುಚ್ಚಿಕೊಂಡೆ.

ವಿಮಾನ ಹೊಲದ ತುದಿಯವರೆಗೆ ಓಡಿತು, ಏಳಲಿಲ್ಲ. ತಿರುಗಿ ಬಂದು ಮತ್ತೊಮ್ಮೆ ಓಡಿತು. ಏಳಲಿಲ್ಲ.

"ಇಷ್ಟು ಭಾರಕ್ಕೆ ಹೊಲ ಸಾಲದು. ಒಬ್ಬರು ಇಳಿಯಬೇಕು" ಎಂದ ಪೈಲಟ್.

ಒಳಗಿದ್ದವರು ಮೂರೇ ಮಂದಿ: ಪೈಲಟ್, ಮಾಲಕ, ನಾನು. ಮಾಲಕ ಕಿಟಕಿಯ ಹೊರಗೆ ನೋಡತೊಡಗಿದ.

ಇಳಿದೆ. ವಿಮಾನ ಹಗುರಾಗಿ ಎದ್ದು, ಕೆರೆಯ ಮೇಲೆ ಒಂದು ಸುತ್ತು ಹಾಕಿ, ನನ್ನ ಟ್ರಂಕಿನ ಸಮೇತ ಹೊರಟುಹೋಯಿತು. ನೋಡುತ್ತ ನಿಂತಿದ್ದ ಮುದುಕರೊಬ್ಬರು ಹತ್ತಿರ ಬಂದರು.

"ಯಾಕ್ರಿ, ಹತ್ತಿದಾವ್ರು ಇಳದ ಬಿಟ್ರಿ?"

"ನಮ್ಮೂರು ಬಂತಲ್ರಿ" ಎಂದೆ.