ಮೂರನೇ ನಂಬರಿನ ಧೂಳು

ಶಂಕ್ರವ್ವನ ಮನಸ್ಸು ಒಳ್ಳೆಯದು. ತೊಂದರೆ ಶುರುವಾದದ್ದೇ ಅಲ್ಲಿಂದ. ಭಾನುವಾರ ಮಧ್ಯಾಹ್ನ ಆಕೆ ರಾಜೂರಿನ ಅಂಚಿನಲ್ಲಿ, ತನ್ನ ಮನೆಯ ಎದುರಿಗೇ ನೆಟ್ಟಿದ್ದ ಗಳದಿಂದ ಸರ್ಕಾರಿ ಬಟ್ಟೆಯನ್ನು ಬಿಚ್ಚಿಕೊಂಡು ಹೋಗಿ, ಸೋಪು ಹಚ್ಚಿ, ಕಲ್ಲಿಗೆ ಬಡಿದು, ಮೇಲೆ ಒಂದಿಷ್ಟು ನೀಲಿಯನ್ನೂ ಹಾಕಿ, ಒಣಗಿಸಿ, ಮೊದಲಿದ್ದ ಹಾಗೆಯೇ ಕಟ್ಟಿಬಿಟ್ಟಿದ್ದಳು.

ಸೋಮವಾರ ಬೆಳಿಗ್ಗೆ ಗಜೇಂದ್ರಗಡದಿಂದ ನಡೆದುಕೊಂಡು ಬಂದ ವಾಸುದೇವ ಗಳದ ಕೆಳಗೆ ನಿಂತು ಮೇಲೆ ನೋಡಿದ. ಸಂತೆಯಲ್ಲಿ ಕಿಸೆ ಕತ್ತರಿಸಿಕೊಂಡವನ ಹಾಗೆ ಅವನ ಬಾಯಿ ತೆರೆದೇ ಉಳಿಯಿತು.

ಆ ಬಟ್ಟೆಯೇ ಅವನ ನೌಕರಿ. ಗುಡ್ಡದ ಮೇಲೆ ಅರ್ಜುನಪ್ಪನ ಕಲ್ಲುಗಣಿ ಇತ್ತು. ಗಣಿಯಿಂದ ಊರಿಗೂ ಬೆಳೆಗೂ ಹಾನಿಯಾಗದಂತೆ ನೋಡಿಕೊಳ್ಳಲು ಸರ್ಕಾರ ವಾಸುದೇವನನ್ನು ಮೇಲ್ವಿಚಾರಕ ಎಂದು ನೇಮಿಸಿತ್ತು. ಸುರಂಗ ಹಾರಿಸುವ ಮೊದಲು ಡಂಗುರ ಹೊಡೆಸಿದರೋ ಇಲ್ಲವೋ, ಹಳ್ಳದ ನೀರು ಕೆಟ್ಟಿತೋ ಹೇಗೆ, ಎಲ್ಲವನ್ನೂ ಅವನು ಬರೆದಿಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಗಳದ ಮೇಲಿನ ಬಿಳಿ ಬಟ್ಟೆ. ಒಂದು ತಿಂಗಳಲ್ಲಿ ಅದರ ಮೇಲೆ ಎಷ್ಟು ಧೂಳು ಕೂತಿತೆಂಬುದನ್ನು ಐದು ಬಣ್ಣಗಳ ಒಂದು ಸರ್ಕಾರಿ ಚೀಟಿ ಹಿಡಿದು ನೋಡಬೇಕು. ಒಂದು ಎಂದರೆ ಹಾಲಿನಂಥ ಬಿಳುಪು. ಐದು ಎಂದರೆ ಸ್ವಾಮಿಗಳ ಕಾವಿ. ಐದು ಬಂದರೆ ಗಣಿ ಬಂದ್. ಒಂದು ಬಂದರೆ, ಧೂಳೇ ಇಲ್ಲದ ಕಡೆ ಧೂಳು ನೋಡುವವನು ಯಾಕೆ ಎಂದು ವಾಸುದೇವ ಬಂದ್. ಮೂರು ಬಂದರೆ ಗಣಿಯೂ ನಡೆಯುತ್ತದೆ, ವಾಸುದೇವನ ಸಂಸಾರವೂ ನಡೆಯುತ್ತದೆ.

ಸಂಸಾರ ಎಂಬುದು ಬರೀ ಹೆಸರಿಗೆ. ಮದುವೆಯಾಗಿ ಎಂಟು ತಿಂಗಳಾದರೂ ಹೆಂಡತಿ ಗಂಗಾಬಾಯಿ ನರಗುಂದದ ತವರಿನಲ್ಲೇ ಇದ್ದಳು. "ನೌಕರಿ ಕಾಯಂ ಆಗೂತನಕ ಮಗಳನ್ನ ಕಳಸೂದಿಲ್ಲ" ಎಂದು ಮಾವ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂದು ನೋಡಲು ಧಾರವಾಡದ ತಪಾಸಣೆ ಸಾಹೇಬರು ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಬರುವವರಿದ್ದರು.

"ಶಂಕ್ರವ್ವ, ಇದನ್ನ ಯಾರು ತೊಳದ್ರು?" ಎಂದು ವಾಸುದೇವ ಕೂಗಿದ.

"ನಾನ ತೊಳದೀನ್ರಿ ರಾಯರ," ಎಂದು ಶಂಕ್ರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಎಷ್ಟ ಹೊಲಸಾಗಿತ್ತಂತೀರಿ! ಮೂರ ಸಲ ಸೋಪ ಹಚ್ಚಿದ ಮ್ಯಾಲ ಬಿಳೀ ಆತು. ಸಾಹೇಬ್ರು ಬರೂ ದಿನ ಊರ ಮುಂದ ಅಂಥಾ ಅರಿವಿ ತೂಗಾಡಿದ್ರ, ರಾಜೂರ ಹೆಣ್ಣಮಕ್ಕಳಿಗೆ ಕೈ ಇಲ್ಲೇನು ಅನ್ನೂದಿಲ್ಲೇನ್ರಿ?"

"ಅದು ಹೊಲಸ ಇರಬೇಕವ್ವಾ! ಅದು ಹೊಲಸ ಇದ್ರನ ನನ್ನ ನೌಕರಿ!"

ಶಂಕ್ರವ್ವ ಅವನನ್ನು ಕನಿಕರದಿಂದ ನೋಡಿದಳು. "ಹೇಣ್ತಿ ಹತ್ರ ಇಲ್ಲದ ಗಂಡಸರು ಹಿಂಗ ಮಾತಾಡ್ತಾರ ನೋಡ್ರಿ. ಲಗೂ ಗಂಗಾಬಾಯಾರನ್ನ ಕರಕೊಂಡ ಬರ್ರಿ."

"ಅದಕ್ಕs ಬಡಕೊಳ್ಳಿಕ್ಕತ್ತೀನಿ!" ಎನ್ನುತ್ತ ವಾಸುದೇವ ಗುಡ್ಡದ ಕಡೆ ಓಡಿದ. ಗಣಿಯವರು ಒಂದು ತಾಸು ಜೋರಾಗಿ ಕಲ್ಲು ಒಡೆದರೆ ಬಟ್ಟೆ ಎರಡಕ್ಕಾದರೂ ಏರೀತು ಎಂಬುದು ಅವನ ಆಸೆ.

ಗಣಿಯಲ್ಲಿ ಒಂದು ಸುತ್ತಿಗೆಯ ಸದ್ದೂ ಇರಲಿಲ್ಲ. ನೆಲಕ್ಕೆಲ್ಲ ನೀರು ಹೊಡೆದಿತ್ತು. ಕಲ್ಲು ಒಡೆಯುವವರು ಮಡಿ ರುಮಾಲು ಸುತ್ತಿಕೊಂಡು ಬೀಗರ ಹಾಗೆ ಸಾಲಾಗಿ ಕೂತಿದ್ದರು. ಅರ್ಜುನಪ್ಪ ಗಣಿಯ ಬಾಗಿಲಿಗೆ ಮಾವಿನ ತೋರಣ ಕಟ್ಟಿಸುತ್ತಿದ್ದ.

"ಅರ್ಜುನಪ್ಪನವರ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದ ತಾಸು ಕಲ್ಲು ಒಡಸ್ರಿ. ಸ್ವಲ್ಪ ಧೂಳು ಬೇಕಾಗೇದ."

ಅರ್ಜುನಪ್ಪ ಎರಡೂ ಕೈ ಸೊಂಟಕ್ಕೆ ಇಟ್ಟುಕೊಂಡ. "ಎರಡ ವರ್ಷದಿಂದ ಧೂಳ ಕಡಿಮಿ ಮಾಡ್ರಿ, ನೀರ ಹೊಡೀರಿ ಅಂತ ನನ್ನ ಜೀಂವಾ ತಿಂದವರು ಯಾರು?"

"ನಾನs."

"ಇವತ್ತ ಕಲ್ಲಿಗೂ ಮೈ ತೊಳಸೀನಿ. ಈಗ ಬಂದು ಧೂಳ ಬೇಕಂತೀರಿ. ನಿಮ್ಮನ್ನ ಹ್ಯಾಂಗ ಸಮಾಧಾನ ಮಾಡೂದ್ರಿ ರಾಯರ? ಸಾಹೇಬ್ರು ವಾಪಸ್ ಹೋಗೂತನಕ ಇಲ್ಲಿ ಒಂದ ಸುತ್ತಿಗಿ ಎತ್ತಂಗಿಲ್ಲ."

ಬೇರೆ ದಾರಿ ಇರಲಿಲ್ಲ. ಗಣಿಯ ಹಿಂಬದಿಯಲ್ಲಿ, ನೀರು ಮುಟ್ಟದ ಒಂದು ಬಂಡೆಯ ಸಂದಿಯಲ್ಲಿ ಒಣಧೂಳು ಸಿಕ್ಕಿತು. ವಾಸುದೇವ ತನ್ನ ಕರಿ ಟೊಪ್ಪಿಗೆಯನ್ನು ತೆಗೆದು, ಎರಡೂ ಕೈಯಿಂದ ಬಾಚಿ ತುಂಬಿಕೊಂಡ. ಎರಡು ವರ್ಷ ಧೂಳನ್ನು ಬೈದವನು ಈಗ ಅದರ ಒಂದು ಚಿಟಿಕೆಯೂ ಚೆಲ್ಲದಂತೆ, ತುಂಬಿದ ತುಪ್ಪದ ಗಿಂಡಿ ಹಿಡಿದವನಂತೆ ಗುಡ್ಡ ಇಳಿಯತೊಡಗಿದ.

ಅರ್ಧ ದಾರಿಯಲ್ಲಿ ಹನಮಪ್ಪನ ಹೊಲ. ಒಣಹಾಕಿದ ತನ್ನ ಮೆಣಸಿನಕಾಯಿಯ ಮೇಲೆ ಗಣಿಯ ಧೂಳು ಬೀಳುತ್ತದೆಂದು ತಾಲೂಕು ಕಚೇರಿಗೆ ಏಳು ಅರ್ಜಿ ಕೊಟ್ಟ ಮನುಷ್ಯ ಅವನು.

"ನಿಂದರ್ರಿ ರಾಯರ! ಟೊಪ್ಪಿಗ್ಯಾಗ ಏನೈತಿ?"

"ಏನಿಲ್ಲಪ್ಪಾ, ಧೂಳು."

"ಹಾಂ!" ಎಂದು ಹನಮಪ್ಪ ದಾರಿಗೆ ಅಡ್ಡ ನಿಂತ. "ಸಾಹೇಬ್ರು ಬರೂದ್ರೊಳಗ ಸಾಕ್ಷಿ ಸಾಗಸಾಕ ಹತ್ತೀರಿ? ಟೊಪ್ಪಿಗಿ ತುಂಬಿ ತುಂಬಿ ಗಣಿ ಸ್ವಚ್ಛ ಮಾಡಾಕ ಹತ್ತೀರಿ? ಇಡ್ರಿ ಕೆಳಗ! ಅದು ನನ್ನ ಕೇಸಿನ ಧೂಳು!"

ಹನಮಪ್ಪ ಟೊಪ್ಪಿಗೆಗೆ ಕೈ ಹಾಕಿದ. ವಾಸುದೇವ ಬಿಡಲಿಲ್ಲ. ಆ ಕಡೆ ಎಳೆದು ಈ ಕಡೆ ಎಳೆದು, ಟೊಪ್ಪಿಗೆ ಕೈತಪ್ಪಿ ಮೇಲೆ ಹಾರಿ, ಅರ್ಧ ಧೂಳು ವಾಸುದೇವನ ಧೋತರದ ಮೇಲೇ ಸುರಿಯಿತು.

"ಹುಚ್ಚಪ್ಪಾ," ಎಂದು ವಾಸುದೇವ ಅಳುಧ್ವನಿಯಲ್ಲಿ ಹೇಳಿದ, "ಇದನ್ನ ನಾ ಮುಚ್ಚಿಡಲಿಕ್ಕೆ ಒಯ್ಯಲಿಕ್ಕತ್ತಿಲ್ಲೋ. ಬಟ್ಟಿ ಮ್ಯಾಲ ಹಾಕಲಿಕ್ಕೆ ಒಯ್ಯಲಿಕ್ಕತ್ತೀನಿ!"

ಹನಮಪ್ಪನ ಮುಖ ಅರಳಿತು. "ಮೊದಲ ಹೇಳಬಾರದೇನ್ರಿ? ಟೊಪ್ಪಿಗ್ಯಾಗ ಎಷ್ಟ ಹಿಡೀತೈತಿ? ತಡೀರಿ, ಬುಟ್ಟಿ ತರ್ತೀನಿ. ಐದನೇ ನಂಬರ ಮಾಡೇ ಬಿಡೂಣು!"

ಬೇಡವೆಂದರೂ ಅವನು ಕೇಳಲಿಲ್ಲ. ಗಳದ ಹತ್ತಿರ ಬಂದಾಗ ಹನಮಪ್ಪನ ತಲೆಯ ಮೇಲೆ ತುಂಬಿದ ಬುಟ್ಟಿ ಇತ್ತು. ಬಟ್ಟೆ ಕೆಳಗಿಳಿಸಿ ಕಟ್ಟೆಯ ಮೇಲೆ ಹಾಸಿದ್ದೇ ತಡ, ಅವನು ಎರಡು ಬೊಗಸೆ ಎರಚಿದ. ಬಟ್ಟೆ ನೇರ ಐದಕ್ಕೆ ಹೋಯಿತು. ವಾಸುದೇವ ಅಯ್ಯೋ ಎನ್ನುವಷ್ಟರಲ್ಲಿ ಶಂಕ್ರವ್ವ ಓಡಿಬಂದು, "ಈಗರೆ ತೊಳದೀನಲ್ಲೋ ಹನಮ್ಯಾ!" ಎಂದು ಬಟ್ಟೆಯನ್ನು ಕಸಿದು ಫಟಫಟ ಕೊಡವಿದಳು. ಎರಡಕ್ಕೆ ಬಂತು. ಹನಮಪ್ಪ ಮತ್ತೆ ಎರಚಿದ, ನಾಲ್ಕು. ಶಂಕ್ರವ್ವ ಕೊಡವಿದಳು, ಎರಡು. ನಡುವೆ ವಾಸುದೇವ ಕೈಯಲ್ಲಿ ಚೀಟಿ ಹಿಡಿದುಕೊಂಡು, "ಸ್ವಲ್ಪ ಹಾಕು! ಸಾಕು! ಶಂಕ್ರವ್ವ, ಮೆಲ್ಲಕ ಕೊಡವು!" ಎಂದು ಒಬ್ಬರಿಂದ ಒಬ್ಬರಿಗೆ ತಿರುಗುತ್ತಿದ್ದ.

ಅಷ್ಟರಲ್ಲಿ ರೋಣದ ರಸ್ತೆಯ ಕಡೆಯಿಂದ ಜೀಪಿನ ಹಾರ್ನು ಕೇಳಿಸಿತು. ಸಾಹೇಬರು ಒಂದು ತಾಸು ಮೊದಲೇ ಬಂದಿದ್ದರು. ಮೂವರ ಕೈಯೂ ನಿಂತಿತು. ವಾಸುದೇವ ಚೀಟಿ ಹಿಡಿದು ನೋಡಿದ. ದೇವರು ದೊಡ್ಡವನು, ಬಟ್ಟೆ ಸರಿಯಾಗಿ ಮೂರಕ್ಕೆ ನಿಂತಿತ್ತು. ಅವನು ಅದನ್ನು ಮಗುವಿನಂತೆ ಎತ್ತಿ ಗಳಕ್ಕೆ ಕಟ್ಟಿದ. ನರಗುಂದದಿಂದ ಬರುವ ಬಸ್ಸು ಅವನ ಕಣ್ಣ ಮುಂದೆ ಬಂದೇ ಬಿಟ್ಟಿತು. ಮುಂದಿನ ಸೀಟಿನಲ್ಲಿ ಗಂಗಾಬಾಯಿ ಟ್ರಂಕು ಹಿಡಿದು ಕೂತಿದ್ದಳು.

ಸಾಹೇಬರು ಜೀಪಿನಿಂದ ಇಳಿದರು. ಬಟ್ಟೆ ನೋಡಿದರು, ಚೀಟಿ ನೋಡಿದರು, ದೊಡ್ಡ ನಿಟ್ಟುಸಿರು ಬಿಟ್ಟರು.

"ಮೂರು," ಎಂದರು, ಸತ್ತವರ ಸುದ್ದಿ ಹೇಳುವ ಧ್ವನಿಯಲ್ಲಿ. ಆಮೇಲೆ ಉಳಿದವರ ಕಡೆ ತಿರುಗಿ, "ಎಲ್ಲಾರೂ ಸ್ವಲ್ಪ ಆ ಕಡೆ ಹೋಗ್ರಿ. ಸರ್ಕಾರಿ ಕೆಲಸ ಅದ," ಎಂದರು.

ಇಬ್ಬರೇ ಉಳಿದ ಮೇಲೆ ಸಾಹೇಬರು ದನಿ ತಗ್ಗಿಸಿದರು. "ವಾಸುದೇವರಾವ್, ನೀವು ಕಾಯಂ ಏನ್ರಿ?"

"ಇಲ್ರಿ ಸಾಹೇಬ್ರ. ಎರಡ ವರ್ಷದಿಂದ ಹಂಗಾಮಿ."

"ನಾ ನಾಕ ವರ್ಷದಿಂದ."

ಸಾಹೇಬರು ಒಡಹುಟ್ಟಿದವರ ಹಾಗೆ ಅವನ ಹೆಗಲ ಮೇಲೆ ಕೈ ಇಟ್ಟರು. "ರೋಣದ ಕಡೆ ಹೋದ್ರ ಮೂರು. ನರಗುಂದದ ಕಡೆ ಮೂರು. ಇಲ್ಲೆ ಬಂದ್ರ ಇಲ್ಲೂ ಮೂರು. ಎಲ್ಲಾ ಕಡೆ ಮೂರs ಇದ್ರ ಇವನನ್ನ ಜೀಪಿನ್ಯಾಗ ಯಾಕ ತಿರಗಸಬೇಕು ಅಂತ ಮ್ಯಾಲಿನವರು ಕೇಳ್ತಾರ. ಐದು ಬಂದ್ರ ಗಣಿ ಬಂದ್, ಅದೂ ಬ್ಯಾಡ. ಒಂದೇ ಒಂದು ಕಡೆ ನಾಕು ಸಿಕ್ಕರ ನನ್ನ ಕೆಲಸ ಉಳೀತದ. ಇಲ್ಲಿ ಹುದ್ದೆ ಕಾಯಂ ಮಾಡ್ರಿ ಅಂತ ಬರೀಲಿಕ್ಕೂ ದಾರಿ ಆಗ್ತದ."

ಹೇಳುತ್ತ ಹೇಳುತ್ತ ಅವರು ವಾಸುದೇವನ ಕೆಂಪಾದ ಧೋತರವನ್ನು ಒಮ್ಮೆ ನೋಡಿ, "ಗಾಳಿ ಬೀಸೂ ಹಾಂಗ ಕಾಣಸ್ತದ," ಎಂದು ಬೆನ್ನು ತಿರುಗಿಸಿ ಸಿಗರೇಟು ಹಚ್ಚತೊಡಗಿದರು.

ಸಿಗರೇಟು ಹೊತ್ತುವುದರೊಳಗೆ ವಾಸುದೇವ ಬಟ್ಟೆ ಇಳಿಸಿ, ಧೋತರದ ಚುಂಗನ್ನು ಅದರ ಮೇಲೆ ಕೊಡವಿ, ಮತ್ತೆ ಏರಿಸಿದ್ದ. ಸಾಹೇಬರು ಚೀಟಿ ಹಿಡಿದರು.

"ನಾಕು!" ಎಂದರು ಖುಷಿಯಿಂದ.

ಜೀಪಿನ ಬಾನೆಟ್ ಮೇಲೆ ಕಾರ್ಬನ್ ಹಾಳೆ ಇಟ್ಟು ಅಲ್ಲೇ ವರದಿ ಬರೆದರು. ವಾಸುದೇವ ಆನಂದದಲ್ಲಿ ತೇಲುತ್ತ, ತೋರಿಸಿದ ಕಡೆ ಸಹಿ ಹಾಕಿದ. ಸಾಹೇಬರು ಅವನ ಕೈ ಕುಲುಕಿ, ಒಂದು ಪ್ರತಿ ಕೊಟ್ಟು, ಚಹಾಕ್ಕೂ ನಿಲ್ಲದೆ ಹೊರಟುಬಿಟ್ಟರು.

ಹನಮಪ್ಪನೂ ಶಂಕ್ರವ್ವನೂ ಓಡಿಬಂದರು. "ಏನ್ ಬರದಾರ? ಜೋರಾಗಿ ಓದ್ರಿ ರಾಯರ!"

ವಾಸುದೇವ ಗಂಟಲು ಸರಿಮಾಡಿಕೊಂಡ. "'ಇಲ್ಲಿಯ ಧೂಳು ನಾಲ್ಕನೇ ನಂಬರಿನದು. ಆದ್ದರಿಂದ ಮೇಲ್ವಿಚಾರಕನ ಹುದ್ದೆಯನ್ನು ಈ ಕೂಡಲೇ ಕಾಯಂ ಮಾಡತಕ್ಕದ್ದು.'"

ಶಂಕ್ರವ್ವ ಲಟಿಕೆ ಮುರಿದಳು. "ನಾಳೆನ ನರಗುಂದಕ್ಕ ಹೋಗ್ರಿ!"

"'ಆದರೆ,'" ಎಂದು ಓದು ಮುಂದುವರಿಸಿದ ವಾಸುದೇವನ ದನಿ ಇಳಿಯತೊಡಗಿತು, "'ಹಾಲಿ ಮೇಲ್ವಿಚಾರಕನು ಎದುರಿಗೇ ನಿಂತಿದ್ದರೂ ಧೂಳು ಮೂರರಿಂದ ನಾಲ್ಕಕ್ಕೆ ಏರಿದ್ದನ್ನು ನಾನು ಸ್ವತಃ ಕಂಡಿದ್ದೇನೆ. ಇಂಥವನು ಈ ಕೆಲಸಕ್ಕೆ ಯೋಗ್ಯನಲ್ಲ. ಎಚ್ಚರವುಳ್ಳ ಬೇರೊಬ್ಬನನ್ನು ಕಾಯಂ ಆಗಿ ನೇಮಿಸತಕ್ಕದ್ದು.'"



"ಸುಳ್ಳ ಅಂತ ಅರ್ಜಿ ಕೊಡ್ರಿ ರಾಯರ," ಎಂದ ಹನಮಪ್ಪ, ಅನುಭವಸ್ಥನ ಹಾಗೆ. "ಹ್ಯಾಂಗ ಬರೀಬೇಕು ನಾ ಹೇಳ್ತೀನಿ."

ವಾಸುದೇವ ಹಾಳೆಯ ಕೆಳಭಾಗವನ್ನು ಅವನ ಕಡೆ ತಿರುಗಿಸಿ ಹಿಡಿದ. 'ಮೇಲಿನ ಸಂಗತಿಗಳೆಲ್ಲ ನಿಜವೆಂದು ಒಪ್ಪಿದ್ದೇನೆ' ಎಂಬ ಸಾಲಿನ ಕೆಳಗೆ ಅವನ ಸಹಿ ಇತ್ತು. ಖುಷಿಯಲ್ಲಿ ಹಾಕಿದ್ದರಿಂದ ಅದರ ಅಡಿಗೆ ಎರಡು ಗೆರೆಗಳನ್ನೂ ಎಳೆದಿದ್ದ.